ಎತ್ತಿದ ಕೈಯ ಆಣೆ

"ಕೈ ಕೆಳಗ ಹಿಡೀಬೇ, ಇನ್ನೂ ಕೆಳಗ. ತಾಟಿಗೆ ಹತ್ತಿದ್ರ ನಿಮ್ಮಪ್ಪ ಬಂದು ತೊಳಿತಾನೇನು ಇದನ್ನ?"

ಗೌಡರ ಮನೆಯ ಪೂಜಾರಿ ಹಣಮಂತಪ್ಪ ತಟ್ಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು, ಕೇರಿಯವರು ಚಾಚಿದ ಬೊಗಸೆಗಳಿಗೆ ಮೇಲಿನಿಂದ ಭಂಡಾರ ಉದುರಿಸುತ್ತಿದ್ದ, ಕೋಳಿಗಳಿಗೆ ನುಚ್ಚು ಚೆಲ್ಲುವವನ ಹಾಗೆ. ಬೊಗಸೆಗೆ ಬಿದ್ದದ್ದನ್ನು ಹಣೆಗೆ ಹಚ್ಚಿಕೊಂಡು, ಅವನು ಹೇಳಿಕೊಟ್ಟ ಮಾತನ್ನು ಒಬ್ಬೊಬ್ಬರೂ ತಿರುಗಿ ಹೇಳಬೇಕಿತ್ತು: "ಹೊಲಿಗಿ ಮಷಿನ್ನಿಗೆ ನನ್ನ ಓಟು. ತಪ್ಪಿದ್ರ ತಾಯಿ ನೋಡ್ಕೊಳ್ಳಲಿ."

ಸವದತ್ತಿಯ ಗುಡ್ಡದ ಎಲ್ಲಮ್ಮನ ಅರಿಶಿನ ಪುಡಿಗೆ ಈ ಸೀಮೆಯಲ್ಲಿ ಭಂಡಾರವೆನ್ನುತ್ತಾರೆ. ಅದನ್ನೆತ್ತಿ ಆಡಿದ ಮಾತು ಕೋರ್ಟಿನಲ್ಲಿ ಆಡಿದ ಮಾತಿಗಿಂತ ಗಟ್ಟಿ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದು, ಉಂಡು, ಸುಖವಾಗಿ ಮಲಗಿದವರು ಊರಿಗಿಷ್ಟು ಜನ ಸಿಗುತ್ತಾರೆ. ಭಂಡಾರವೆತ್ತಿ ಸುಳ್ಳಾಡಿ ನಿದ್ದೆ ಹೋದವನ ಕಥೆಯನ್ನು ಈವರೆಗೆ ಯಾರೂ ಹೇಳಿಲ್ಲ. ಹಣಮಂತಪ್ಪನ ಕೈಯಲ್ಲಿದ್ದ ತಟ್ಟೆ ತಾಮ್ರದ್ದೆಂದು, ಈ ಕಥೆ ಹೇಳುವವರಲ್ಲಿ ತೊರಗಲ್ಲಿನ ಕಡೆಯವರು ಸಾಧಿಸುತ್ತಾರೆ, ಸಂಪಗಾಂವದ ಕಡೆಯವರು ಹಿತ್ತಾಳೆಯದೆನ್ನುತ್ತಾರೆ. ಅದು ಗೌಡರ ಮನೆಯ ದೇವರ ಜಗಲಿಯಿಂದ ಇಳಿದು ಬಂದದ್ದು, ಮತ್ತೆ ಜಗಲಿಗೇ ಏರಬೇಕಾದದ್ದು ಎಂಬಲ್ಲಿ ಮಾತ್ರ ಎರಡೂ ಕಡೆಯವರಿಗೆ ಭಿನ್ನಮತವಿಲ್ಲ. ಆದ್ದರಿಂದ ಕೇರಿಯ ಕೈ ಅದಕ್ಕೆ ತಾಗಕೂಡದು. ಕೇರಿಯ ಓಟು ತಾಗಬಹುದು.

ಊರಿನ ಹೆಸರು ಕರಿಮಡ್ಡಿ. ಮಲಪ್ರಭೆಗೆ ಹೋಗಿ ಕೂಡುವ ಒಂದು ಹಳ್ಳದ ದಂಡೆಯ ಮೇಲಿನದು. ಗ್ರಾಮ ಪಂಚಾಯ್ತಿಯ ಮತದಾನ ಮರುದಿನವಿತ್ತು. ಕೇರಿಯ ವಾರ್ಡು ಈ ಸಲ ಪರಿಶಿಷ್ಟ ಜಾತಿಯ ಹೆಣ್ಣುಮಗಳಿಗೆ ಮೀಸಲು. ಶಿವಲಿಂಗಗೌಡ ಮೀಸಲಾತಿಯನ್ನು ತುಂಬುಮನಸ್ಸಿನಿಂದ ಒಪ್ಪಿಕೊಂಡು, ತನ್ನ ಟ್ರ್ಯಾಕ್ಟರ್ ನಡೆಸುವ ಸಿದ್ದರಾಮನ ಹೆಂಡತಿ ಮಹಾನಂದಾಳನ್ನು ಹೊಲಿಗೆ ಯಂತ್ರದ ಗುರುತಿನ ಮೇಲೆ ನಿಲ್ಲಿಸಿದ್ದ. ನಾಮಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮೇಲೆ, ತಾನು ಯಾವುದಕ್ಕೆ ನಿಂತಿದ್ದೇನೆಂದು ಅವಳೇ ಗಂಡನನ್ನು ಕೇಳಿ ತಿಳಿದುಕೊಂಡಳು. ಪ್ರಚಾರದ ಚೀಟಿಯಲ್ಲಿ ಗೌಡನ ಭಾವಚಿತ್ರ ರೊಟ್ಟಿಯಷ್ಟಿತ್ತು. ಅವಳದು ಕುಂಕುಮದ ಬೊಟ್ಟಿನಷ್ಟು. ಪ್ರಚಾರ ನಡೆದ ದಿನಗಳಲ್ಲೆಲ್ಲ ಅವಳು ಗೌಡನ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಳು.

ಸಾಲಿನಲ್ಲಿ ಕಣ್ಣು ಮಂಜಾದ ಮುದುಕಿಯೊಬ್ಬಳಿದ್ದಳು. ಭಂಡಾರವೆಂದರೆ ತಾನೇ ಎತ್ತಿ ಹಣೆಗಿಡುವುದು ಅವಳಿಗೆ ಹುಟ್ಟಿನಿಂದ ಬಂದ ರೂಢಿ. ಗುಡ್ಡದಲ್ಲಿ ಅವಳ ಕೈಯನ್ನು ಯಾರೂ ತಡೆದಿರಲಿಲ್ಲ. ಅವಳು ತಡಕಾಡಿ ತಟ್ಟೆಯ ಅಂಚಿನ ಕಡೆಗೆ ಬೆರಳು ಚಾಚಿದಳು. ಹಣಮಂತಪ್ಪ ಬಗಲಲ್ಲಿದ್ದ ಕೈಗಂಟೆಯನ್ನು ತೆಗೆದು ಅವಳ ಗೆಣ್ಣಿನ ಮೇಲೆ ಬಡಿದ.

"ಏ ಮುದುಕಿ, ಸಾಯೂ ಕಾಲಕ್ಕ ಸೊಕ್ಕ ಬಂತೇನು? ನಿಮ್ಮ ಯಾರ ಕೈಯೂ ತಾಟಿನ್ಯಾಗ ಬರಬಾರದು. ಎತ್ತಾಂವ ನಾನು, ಎತ್ತಿ ಹಾಕಾಂವ ನಾನು. ನೀವು ಬರೇ ಬಾಯಿ ತೆರೀರಿ, ಸಾಕು."

"ತಪ್ಪಾತು ಯಪ್ಪಾ," ಎಂದಳು ಮುದುಕಿ, ಗೆಣ್ಣು ತಿಕ್ಕಿಕೊಳ್ಳುತ್ತ.

ಸಾಲಿನ ಕೊನೆಯಲ್ಲಿ, ಬೇವಿನ ಬುಡಕ್ಕೆ ಆತು ನಿಂತಿದ್ದ ಮಾಯವ್ವ ಪೂಜಾರಿಯ ಮಾತನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲನ್ನು ಸರಿಪಡಿಸಿಕೊಂಡಳು. ಏನನ್ನೋ ನೆನಪಿಟ್ಟುಕೊಳ್ಳಬೇಕಾದಾಗ ಸೆರಗಿಗೆ ಗಂಟು ಹಾಕಿಕೊಳ್ಳುವವರ ಹಾಗೆ. ಅವಳೂ ಅದೇ ವಾರ್ಡಿನಿಂದ, ಬ್ಯಾಟರಿಯ ಗುರುತಿನ ಮೇಲೆ ನಿಂತವಳು. ತನಗೆ ತಾನು ಓಟು ಹಾಕಿಕೊಳ್ಳುವುದಿಲ್ಲವೆಂದು ಆಣೆಯಿಡಲು ಸಾಲಿನಲ್ಲಿ ಕಾದು ನಿಂತ ಅಭ್ಯರ್ಥಿ ಈ ದೇಶದಲ್ಲಿ ಅವಳೊಬ್ಬಳೇ ಇದ್ದಾಳು. ಸಾಲು ಬಿಟ್ಟವರನ್ನು ನಾಳೆಯಿಂದ ಗೌಡನ ಹೊಲದ ಕೂಲಿಗೆ ಕರೆಯುವುದಿಲ್ಲವೆಂದು ಮುಂಜಾನೆಯೇ ಸಾರಿದ್ದರು, ಮತ್ತು ಕರಿಮಡ್ಡಿಯಲ್ಲಿ ಗೌಡನದಲ್ಲದ ಹೊಲವೆಂದರೆ ಹಳ್ಳದ ಮರಳು.

ಮಾಯವ್ವ ಚುನಾವಣೆಗೆ ನಿಂತದ್ದು ಒಂದು ದಾರಿಗಾಗಿ.

ಕೇರಿಯಿಂದ ಹೊರಟು, ಗೌಡನ ಎರೆಹೊಲವನ್ನು ಸೀಳಿ, ಕೇರಿಯ ಮಸಣದ ಮಗ್ಗುಲಲ್ಲಿ ಹಾದು ಶಾಲೆಯ ರಸ್ತೆಗೆ ಕೂಡುವ ಬಂಡಿದಾರಿಯೊಂದಿತ್ತು. ಊರಿನ ನಕಾಶೆಯಲ್ಲಿ ಅದು ಈಗಲೂ ಇದೆ. ನೆಲದ ಮೇಲೆ ಇಲ್ಲ. ಗೌಡ ಅದನ್ನು ವರ್ಷಕ್ಕೊಂದು ಸಾಲಿನಂತೆ ಎರಡೂ ಕಡೆಯಿಂದ ಉತ್ತುಕೊಳ್ಳುತ್ತ ಬಂದು, ಕಳೆದ ಮಳೆಗಾಲದಲ್ಲಿ ಉಳಿದ ಗೇಣನ್ನೂ ಬಿತ್ತಿಬಿಟ್ಟ. ಅದೇ ಶ್ರಾವಣದಲ್ಲಿ ಮಾಯವ್ವನ ಗಂಡ ಲಗಮಪ್ಪ ಜ್ವರದಿಂದ ಸತ್ತ. ಚಟ್ಟ ಹೊತ್ತವರು ಹೊಲದ ಬದುವಿಗೆ ಬಂದು ನಿಂತಾಗ ಗೌಡ ಕೊಡೆ ಹಿಡಿದು ಬದುವಿನ ಮೇಲಿದ್ದ.

"ಹೆಸರಿನ ಬೆಳಿ ಹೂವಿಗೆ ಬಂದೈತಿ. ತುಳದ್ರ ಕಾಲು ಮುರಿತೇನಿ. ಹಳ್ಳದಾಗ ಹಾದು ಹೊತಗೊಂಡು ಹೋಗ್ರಿ."

"ಹಳ್ಳ ತುಂಬೇತ್ರಿ ಧಣಿ. ಎದಿಮಟ ನೀರು."

"ಮತ್ತೇನಾತು? ಹೆಣಕ್ಕ ಈಸು ಬರಬೇಕೇನಲೇ?"

ಅವರು ಹಳ್ಳಕ್ಕಿಳಿದರು. ನಡುನೀರಿನಲ್ಲಿ ಮುಂದಿನವನ ಕಾಲು ಜಾರಿ ಚಟ್ಟ ಮಗುಚಿತು. ಲಗಮಪ್ಪ ಸಂಜೆಯ ಹೊತ್ತಿಗೆ ಕೆಳಗಿನ ತಿರುವಿನಲ್ಲಿ, ಜಾಲಿಯ ಪೊದೆಯೊಂದಕ್ಕೆ ಸಿಕ್ಕಿಕೊಂಡು ಸಿಕ್ಕ. ಮುಳ್ಳಿನಿಂದ ಅವನನ್ನು ಬಿಡಿಸಿ ಎಳೆದವರು ಇಬ್ಬರು: ತಲೆಯ ಕಡೆ ಮಾಯವ್ವ, ಕಾಲಿನ ಕಡೆ ಅವನ ಒಡಹುಟ್ಟಿದ ತಂಗಿ ಮಹಾನಂದಾ. ಮುಖಕ್ಕೆ ಚುಚ್ಚಿದ ಮುಳ್ಳುಗಳನ್ನು ಮಾತ್ರ ತೆಗೆಯಲಾಗಲಿಲ್ಲ; ಹಾಗೆಯೇ ಹೂಳಿದರು. ಗೌಡ ಚುನಾವಣೆಗೆ ನಿಲ್ಲಿಸಿದ್ದು ಇದೇ ಮಹಾನಂದಾಳನ್ನು. ಕೇರಿಯಲ್ಲಿ ಯಾರು ಯಾರಿಗೆ ಏನಾಗಬೇಕೆಂದು ವಿಚಾರಿಸುವುದು ಗೌಡಿಕೆಗೆ ಕಡಿಮೆಯೆಂದು ಅವನು ಎಣಿಸಿದ್ದ. ಎತ್ತು ಕೊಳ್ಳುವಾಗ ಮಾತ್ರ ಹಲ್ಲು, ಸುಳಿ, ತಳಿ ಎಲ್ಲವನ್ನೂ ನೋಡುತ್ತಿದ್ದ.

ದಾರಿ ತೆರೆಸಬೇಕಾದರೆ ಪಂಚಾಯ್ತಿಯಲ್ಲಿ ಠರಾವು ಆಗಬೇಕು, ಠರಾವಿಗೆ ವಾರ್ಡಿನ ಮೆಂಬರನ ಸಹಿ ಬೇಕು ಎಂದು ಅಲ್ಲಿಯವರು ಮಾಯವ್ವನಿಗೆ ಹೇಳಿದ್ದರು. ಆಗಿನ ಮೆಂಬರು ಗೌಡನ ಕಣದಲ್ಲಿ ರಾಶಿ ಕಾಯುವವನು. "ಧಣೇರ್ನ ಕೇಳಿ ಹೇಳತೇನವಾ," ಎಂದ. ಕೇಳಿದನೋ ಇಲ್ಲವೋ, ಹೇಳಲಿಲ್ಲ. ಅವನ ಹಿಂದಿನವನನ್ನೂ, ಅವನಿಗೂ ಹಿಂದಿನವನನ್ನೂ ಕೇರಿ ಇದೇ ತಟ್ಟೆಯ ಭಂಡಾರ ಹಣೆಗೆ ಹಚ್ಚಿಕೊಂಡು ಆರಿಸಿ ಕಳಿಸಿತ್ತು.

ಈ ದಿನ ಮುಂಜಾನೆ ಆಣೆಯ ಸುದ್ದಿ ಕಿವಿಗೆ ಬಿದ್ದ ಕೂಡಲೇ, ಸಾಲಿಗೆ ಬರುವ ಮೊದಲು, ಮಾಯವ್ವ ಶಾಲೆಗೆ ಹೋಗಿ ಬಂದಿದ್ದಳು. ಮತಗಟ್ಟೆಯ ಮೇಲ್ವಿಚಾರಣೆಗೆ ಬಂದ ಮಿಲಿಂದ ಎಂಬ ಅಧಿಕಾರಿ ಅಲ್ಲಿ ಬೆಂಚು ಹಾಕಿಸುತ್ತಿದ್ದರು. ಬಾಗಿಲ ಮೇಲೆ 'ನಿರ್ಭೀತಿಯಿಂದ ಮತ ಚಲಾಯಿಸಿ' ಎಂಬ ಬ್ಯಾನರು. ಅದನ್ನು ಕಟ್ಟಿದ ಹಗ್ಗ ಗೌಡನ ಮನೆಯದು, ಸಾಹೇಬರ ಕೈಯಲ್ಲಿದ್ದ ಚಹವೂ ಗೌಡನ ಮನೆಯದು. ಪಡಸಾಲೆಯಲ್ಲಿ ಗೌಡನಿಗೆಂದೇ ತೋಳಿನ ಖುರ್ಚಿಯೊಂದನ್ನು ಹಾಕಿದ್ದರು.

"ಸಾಹೇಬರ, ನಮ್ಮ ಕೇರಿ ಮಂದೀನ ಭಂಡಾರದ ಮ್ಯಾಲ ಆಣಿ ಮಾಡ್ಸಾಕ ಹತ್ಯಾರ್ರಿ. ಆಣಿ ಮಾಡಿದ ಮ್ಯಾಲ ಓಟು ನಮ್ಮದು ಎಲ್ಲಿ ಉಳೀತ್ರಿ?"

"ಹೆಂಡ ಹಂಚ್ಯಾರೇನವಾ?"

"ಇಲ್ರಿ."

"ಸೀರಿ?"

"ಇಲ್ರಿ. ಅರಿಷಿಣ."

ಬೆಂಚು ಹಿಡಿದಿದ್ದ ಜವಾನ ವೆಂಕಣ್ಣ ಕಿಸಕ್ಕನೆ ನಕ್ಕ. ಸಾಹೇಬರು ನಗಲಿಲ್ಲ, ತಿಳಿಸಿ ಹೇಳುವ ಮುಖ ಮಾಡಿದರು.

"ಹೆಂಡ ಹಂಚಿದ್ರ ಅದಕ್ಕೊಂದು ಕಲಂ ಅದ. ಸೀರಿ ಹಂಚಿದ್ರ ಕಲಂ ಅದ. ಭಂಡಾರ ಹಂಚಿದ್ರ ಅದು ಪ್ರಸಾದ. ದೇವರ ಪ್ರಸಾದದ ಮ್ಯಾಲ ಕೇಸ್ ಹಾಕಿ ನಾ ಎಲ್ಲಿಗೆ ಹೋಗ್ಲಿ? ನಿನಗ ಬ್ಯಾಡಾದ್ರ ಹಚ್ಕೋಬ್ಯಾಡ."

"ಹಚ್ಕೊಳ್ಳಿಲ್ಲಂದ್ರ ಕೂಲಿಗೆ ಕರ್ಯಾಂಗಿಲ್ರಿ."

"ಅದು ಲೇಬರ್ ಇಲಾಖೇದು. ಅಲ್ಲಿ ಅರ್ಜಿ ಕೊಡು. ನೀ ಕ್ಯಾಂಡಿಡೇಟ್ ಅಲ್ಲೇನು? ಮತಗಟ್ಟಿಯೊಳಗ ಹಿಂಗ ಬಂದು ನಿಂದರಬಾರದು, ನಿಯಮ ಅದ. ವೆಂಕಣ್ಣ, ಈಕೀನ ಹೊರಗ ಕಳಸು."

ನಿಯಮದ ಪ್ರಕಾರ ಅವಳು ಹೊರಗೆ ಬಂದಳು. ನಿಯಮದ ಪ್ರಕಾರ ಖುರ್ಚಿ ಪಡಸಾಲೆಯಲ್ಲಿಯೇ ಉಳಿಯಿತು.

ಈಗ, ಬೇವಿನ ಕೆಳಗೆ, ಸಾಲು ಕರಗುತ್ತ ಕರಗುತ್ತ ಮಾಯವ್ವನ ಸರದಿ ಬಂತು. ಹಣಮಂತಪ್ಪನ ಬೆರಳು ಮಣಿಕಟ್ಟಿನವರೆಗೂ ಹಳದಿಯಾಗಿದ್ದವು.

"ಬಾ ಬ್ಯಾಟರಿ, ಮುಂದ ಬಾ. ನಿನ್ನ ಸೆಲ್ಲು ತಗದು ಕಳಸ್ತೇನಿ."

ಸಾಲಿನಲ್ಲಿ ಒಂದಿಬ್ಬರು ನಕ್ಕರು. ನಗದಿದ್ದರೆ ಅದನ್ನೂ ಗೌಡನಿಗೆ ಹೇಳುವವರಿದ್ದರು. ಮಾಯವ್ವ ಬೊಗಸೆ ಚಾಚಲಿಲ್ಲ.

"ಪೂಜಾರಪ್ಪಾ, ಒಂದು ಮಾತು ಹೇಳ್ರಿ. ಹ್ವಾದ ವರ್ಸ ನಿಮ್ಮ ಅಣ್ಣತಮ್ಮರ ಬದುವಿನ ಜಗಳದಾಗ ಭಂಡಾರ ಎತ್ತಿದಾಂವ ಯಾರು?"

"ನನ್ನ ತಮ್ಮ. ಯಾಕ?"

"ಆಣಿ ಯಾರಿಗೆ ಹತ್ತಿತು?"

"ಎತ್ತಿದಾಂವಗ ಹತ್ತತೈತಿ. ಅದೇನು ಕೇಳೂ ಮಾತಬೇ? ಎತ್ತಿದ ಕೈಗೆ ಆಣಿ. ಸಣ್ಣ ಕೂಸಿಗೂ ಗೊತ್ತೈತಿ."

"ಹೌದಲ್ರಿ. ಹಂಗಾರ ಮುಂಜಾನಿಂದ ಈ ತಾಟಿನ್ಯಾಗಿಂದ ಎತ್ತಿದ ಕೈ ಯಾರದು?"

ಹಣಮಂತಪ್ಪ ತಟ್ಟೆಯನ್ನು ಎದೆಯಿಂದ ಗೇಣು ದೂರ ಹಿಡಿದ. ಕೇರಿಯಲ್ಲಿ ಯಾರೋ ಕೆಮ್ಮಿ, ಕೆಮ್ಮನ್ನು ಅರ್ಧಕ್ಕೆ ನಿಲ್ಲಿಸಿದರು.

"ನಾವು ಬರೇ ಬಾಯಿ ತೆರದೇವಿ, ನೀವು ಹೇಳಿದಂಗ," ಎಂದಳು ಮಾಯವ್ವ, ದನಿಯನ್ನು ಸ್ವಲ್ಪವೂ ಏರಿಸದೆ. "ಎತ್ತಾಂವ ನಾನು, ಹಾಕಾಂವ ನಾನು ಅಂದ್ರಿ. ಹೊಲಿಗಿ ಮಷಿನ್ನಿಗೆ ಓಟು ಹಾಕತೇ‌ನಂತ ಕೇರಿಗೆ ಕೇರೀದ ಆಣಿ ನೀವೊಬ್ಬರ ಎತ್ತೀರಿ. ಆದ್ರ ನಿಮ್ಮ ಓಟು ಈ ವಾರ್ಡಿನ್ಯಾಗ ಇಲ್ಲ ನೋಡ್ರಿ, ಅಗಸಿ ಓಣ್ಯಾಗ ಐತಿ. ನಾಳೆ ಹಾಕೂದಾದ್ರೂ ಹೆಂಗ ಹಾಕತೀರಿ? ತಾಯಿ ಕೇಳಿದ್ರ ಏನು ಹೇಳಾವ್ರು?"

ಭಂಡಾರದ ಆಣೆ ಮುರಿದವನ ಕೈಗೆ ಹುಳ ಬಿದ್ದದ್ದು, ನಾಲಿಗೆ ಮಡಿಚಿಕೊಂಡು ಹೋದದ್ದು, ತೊಟ್ಟಿಲು ಬರಿದಾದದ್ದು - ಇಂಥ ಕಥೆಗಳನ್ನು ಪ್ರತಿ ಚುನಾವಣೆಯ ಹಿಂದಿನ ದಿನ ಕೇರಿಗೆ ಹೇಳಿ ಹೆದರಿಸುತ್ತ ಬಂದವನು ಹಣಮಂತಪ್ಪನೇ. ಹೇಳಿ ಹೇಳಿ ಅವನ್ನು ಅವನೂ ನಂಬಿದ್ದ. ಈಗ ತನ್ನ ಬೆರಳನ್ನು ನೋಡಿಕೊಂಡ. ಧೋತರಕ್ಕೆ ಒರೆಸಹೋದ, ಭಂಡಾರವನ್ನು ಒರೆಸುವುದು ಇನ್ನೂ ದೊಡ್ಡ ಪಾಪವೆಂದು ನೆನಪಾಗಿ, ಕೈಯನ್ನು ಮೈಯಿಂದ ದೂರ, ಬೇರೆ ಯಾರದೋ ಕೈಯೆಂಬಂತೆ ಹಿಡಿದು ನಿಂತ.

"ಯಪ್ಪಾ," ಎಂದಳು ಕಣ್ಣು ಮಂಜಾದ ಮುದುಕಿ, ಗೆಣ್ಣು ತಿಕ್ಕುವುದನ್ನು ಬಿಟ್ಟು. "ಸೊಕ್ಕ ಈಗ ಯಾರಿಗೆ ಬಂತಪಾ?"

ಕೇರಿ ನಕ್ಕಿತು. ಮೊದಲು ಹೆಂಗಸರು, ಆಮೇಲೆ ಗಂಡಸರು. ಹಣಮಂತಪ್ಪ ತಟ್ಟೆಯನ್ನು ಬೇವಿನ ಕಟ್ಟೆಯ ಮೇಲಿಟ್ಟು, ಒಂದು ಕೈಯನ್ನು ಗಾಳಿಗೆ ಚಾಚಿಕೊಂಡೇ ಊರ ಕಡೆ ಓಡಿದ.

ಗೌಡ ಜೀಪಿನಲ್ಲಿ ಬಂದ. ಹಿಂದಿನ ಸೀಟಿನಲ್ಲಿ ಹಣಮಂತಪ್ಪ ಆ ಕೈಯನ್ನು ಕಿಟಕಿಯ ಹೊರಗಿಟ್ಟುಕೊಂಡು ಕುಳಿತಿದ್ದ.

"ಯಾಕಿ ಆಕಿ, ಶಾಸ್ತ್ರ ಹೇಳಾಕಿ? ನೀನೇನಬೇ ಮಾಯವ್ವಾ? ಗಂಡ ಸತ್ತ ಮ್ಯಾಲ ಬಾಯಿ ಭಾಳ ಬೆಳದೈತಿ ನಿಂದು."

"ಬಾಯಿ ಅಷ್ಟ ಬೆಳಿಯಾಕ ಬಿಟ್ಟೀರಿ ಧಣಿ. ಉಳದದ್ದೆಲ್ಲಾ ನಿಮ್ಮ ಹೊಲದಾಗ ಬೆಳೀತೈತಿ."

ಗೌಡ ಅದನ್ನು ಕೇಳಿಸಿಕೊಳ್ಳದವನಂತೆ ಸಾಲಿನತ್ತ ತಿರುಗಿದ. ಲೆಕ್ಕ ಹಾಕುವುದರಲ್ಲಿ ಅವನು ಪೂಜಾರಿಗಿಂತ ಚುರುಕು. ತಟ್ಟೆ ಹೋದರೆ ಇನ್ನೊಂದು ತಟ್ಟೆ ಬರುತ್ತದೆ. ವಾರ್ಡು ಹೋದರೆ ಐದು ವರ್ಷ ಬರುವುದಿಲ್ಲ.

"ನೋಡ್ರಿಲೇ, ನಾನು ಹೊಸ ಕಾಲದ ಮನಶ್ಯಾ. ಮುಟ್ಟಬಾರದು ತಟ್ಟಬಾರದು ಅನ್ನೂದೆಲ್ಲಾ ನಮ್ಮ ಮುತ್ಯಾನ ಕಾಲಕ್ಕ ಹೋತು. ಈ ಪೂಜಾರಿ ಸೂಳೆಮಗಗ ತಿಳಿಯಂಗಿಲ್ಲ. ಹಚ್ರಿ ಕೈ. ಎಲ್ಲಾರೂ ತಾಟಿಗೆ ಕೈ ಹಚ್ಚಿ, ನೀವ ಎತ್ರಿ."

ತಲೆತಲಾಂತರದ ಮೈಲಿಗೆಯನ್ನು ಕರಿಮಡ್ಡಿಯಿಂದ ತೊಲಗಿಸಲು ಅವನಿಗೆ ಒಂದು ಎಲೆಯಡಿಕೆ ಜಗಿದು ಉಗುಳುವಷ್ಟು ಹೊತ್ತು ಸಾಕಾಯಿತು. ಯಾರೂ ಮುಂದೆ ಬರಲಿಲ್ಲ.

"ಮಹಾನಂದಾ, ಎಲ್ಲಿ ಸತ್ತೀಯಬೇ? ಬಾ ಇಲ್ಲೆ. ನಿನ್ನ ಗುರುತು, ನೀನ ಮೊದಲ ಎತ್ತು. ಇವರಿಗೆ ತೋರಸು."

ಮಹಾನಂದಾ ಕೊಟ್ಟಿಗೆಯಿಂದ ನೇರ ಬಂದಿದ್ದಳು. ಕೈಯಲ್ಲಿ ಸಗಣಿಯ ಹೆಪ್ಪು, ಅದರಲ್ಲಿ ಜೋಳದ ದಂಟಿನ ಚೂರು. ಒರೆಸಿಕೊಳ್ಳದೆ, ಐದೂ ಬೆರಳನ್ನು ಗೌಡರ ಜಗಲಿಯ ತಟ್ಟೆಯೊಳಗೆ ಬುಡದವರೆಗೆ ಇಳಿಸಿ, ಮುಷ್ಟಿ ತುಂಬ ಭಂಡಾರ ಎತ್ತಿದಳು. ಅವಳ ದನಿಯನ್ನು ಕೇರಿ ಆ ಚುನಾವಣೆಯಲ್ಲಿ ಮೊದಲ ಸಲ ಕೇಳಿತು.

"ತಾಯಿ, ಓಟು ನನಗ ಬಿದ್ರೂ ಅಷ್ಟ, ನಮ್ಮ ಅತ್ತಿಗಿಗೆ ಬಿದ್ರೂ ಅಷ್ಟ. ಯಾರು ಆರಿಸಿ ಬಂದ್ರೂ ಮೊದಲ ಸಹಿ ನಮ್ಮ ಹೆಣದ ದಾರಿಗೆ. ತಪ್ಪಿದ್ರ ಈ ಕೈಗೆ ಹುಳ ಬೀಳ್ಲಿ."

"ಏ ರಂಡೆ, ಏನು ಒದರಾಕ ಹತ್ತೀ? ಹೊಲಿಗಿ ಮಷಿನ್ ಅನ್ನು."

"ಎತ್ತಿದ ಕೈ ನಂದೈತಲ್ರಿ ಧಣಿ," ಎಂದಳು ಮಹಾನಂದಾ, ಕೊಟ್ಟಿಗೆಯಲ್ಲಿ ಅವನಿಗೆ ಉತ್ತರ ಕೊಡುವಷ್ಟೇ ಮೆಲ್ಲಗೆ. "ಮಾತೂ ನಂದ ಇರಲಿ ಬಿಡ್ರಿ."

ಮಾಯವ್ವ ಎತ್ತಿದಳು, ಅದೇ ಮಾತು ಆಡಿದಳು. ಮುದುಕಿಯನ್ನು ಯಾರೋ ಕೈಹಿಡಿದು ತಂದರು. ಅವಳಿಗೆ ಈ ಸಲ ತಡಕಾಡುವ ಕೆಲಸವಿರಲಿಲ್ಲ, ತಟ್ಟೆ ತಾನೇ ಅವಳ ಕೈಯ ಕೆಳಗೆ ಬಂದು ನಿಂತಿತು. ಹಾಗೆಯೇ ಅದು ಮನೆಯಿಂದ ಮನೆಗೆ ಕೆಂಡ ಒಯ್ದಂತೆ ಕೈಯಿಂದ ಕೈಗೆ ಹೋಗಿ, ಕೇರಿಯನ್ನೆಲ್ಲ ಸುತ್ತಿ ಮತ್ತೆ ಮಾಯವ್ವನಲ್ಲಿಗೆ ಬಂತು. ಅವಳು ಅದನ್ನು ಗೌಡನ ಎದೆಯ ಮಟ್ಟಕ್ಕೆ ಹಿಡಿದಳು.

"ಎರಡೂ ಕಡ್ಯಾವ್ರು ಒಂದ ತಾಟಿನ್ಯಾಗಿಂದ ಎತ್ತಿದ್ರ ಆಣಿ ಕೂಡತೈತಿ ಧಣಿ. ಬದುವಿನ ನ್ಯಾಯದಾಗ ಕುಂತಾಗೆಲ್ಲಾ ನೀವ ಹೇಳೂ ಮಾತು. ನಮ್ಮದು ಆತು. ಈಗ ನೀವು ಎತ್ರಿ. ದಾರಿ ಬಿಡತೇ‌ನಂತ ಅನ್ರಿ, ಇಲ್ಲಾ ಬಿಡೂದಿಲ್ಲಂತ ಅನ್ರಿ. ಏನರ ಅನ್ರಿ. ಎತ್ತಿ ಅನ್ರಿ."

ಹಳದಿಯ ನಡುವೆ ಸಗಣಿಯ ಹೆಪ್ಪು ಕಾಣುತ್ತಿತ್ತು, ದಂಟಿನ ಚೂರು ಕಾಣುತ್ತಿತ್ತು, ಎಷ್ಟೋ ಬೆರಳುಗಳ ಗುಳಿ ಕಾಣುತ್ತಿತ್ತು. ಹೊಸ ಕಾಲದ ಮನುಷ್ಯನ ಕೈ ಅರ್ಧ ದಾರಿಯವರೆಗೆ ಬಂದು, ಅಲ್ಲಿಂದ ಮುತ್ಯಾನ ಕಾಲಕ್ಕೆ ತಿರುಗಿ, ಅಂಗಿಯ ಕಿಸೆಯೊಳಗೆ ಹೋಗಿ ಕುಳಿತಿತು.

"ಬ್ಯಾರೆ ತಾಟ ತರಸ್ತೇನಿ," ಎಂದ.

"ಎಲ್ಲಿದರ ತರಸ್ರಿ. ಮೊದಲ ನಾವು ಎತ್ತತೇವಿ, ಆಮ್ಯಾಲ ನೀವು."

ಗೌಡ ಜೀಪಿನ ಕಡೆ ನೋಡಿದ. "ಹಣಮಂತಪ್ಪ, ತಾಟ ತಗೊಂಡ ನಡಿ. ನಮ್ಮ ಮನೀದು ಅದು."

"ನಾ ಒಲ್ಲೆರಿ ಗೌಡ್ರ," ಎಂದ ಹಣಮಂತಪ್ಪ ಕಿಟಕಿಯೊಳಗಿನಿಂದ. "ಇನ್ನೇನೂ ನಾ ಎತ್ತೂದಿಲ್ಲ."

ಹಾಗೆ ಗೌಡರ ಜಗಲಿಯ ತಟ್ಟೆ ಕೇರಿಯಲ್ಲಿ ಉಳಿಯಿತು. ಒಯ್ಯುವಂತಿರಲಿಲ್ಲ, ಬಿಟ್ಟೆನೆನ್ನುವಂತೆಯೂ ಇರಲಿಲ್ಲ. ಗೌಡ ಜೀಪು ಹತ್ತಿ, ಬಾಗಿಲು ಹಾಕಿಕೊಂಡ ಮೇಲೆ ಬೈದ.

"ನಾಳೆ ಓಟು ಹಾಕಾಕ ಸಾಲಿಗುಡಿಗೆ ಹೆಂಗ ಬರ್ತೀರಿ ನೋಡತೇನಲೇ ಭಾಡ್ಯಾಗೋಳ್ರ್ಯಾ. ನಿಮ್ಮ ಓಟು ಯಾವಾಕಿಗೂ ಬೀಳಬಾರದು, ಹಂಗ ಮಾಡತೇನಿ."

ಮತದಾನದ ಮುಂಜಾನೆ ಕೇರಿಯ ಬಾಯಿಗೆ ಅಡ್ಡಲಾಗಿ ಕಬ್ಬು ತುಂಬಿದ ಎರಡು ಟ್ರೇಲರುಗಳು ಕೆಟ್ಟು ನಿಂತಿದ್ದವು. ಕೆಟ್ಟಿವೆಯೆಂದು ಅವುಗಳ ಮುಂದೆ ಕುಳಿತು ಇಸ್ಪೀಟು ಆಡುತ್ತಿದ್ದವರು ಹೇಳಿದರು. ಬಂದೋಬಸ್ತಿನ ಪೊಲೀಸನೊಬ್ಬ ಒಂದು ಸುತ್ತು ಹಾಕಿ, ಗಾಡಿ ಕೆಟ್ಟರೆ ತಾನೇನು ಮೇಸ್ತ್ರಿಯೇ ಎಂದು ಕೇಳಿ ಹೋದ. ಗೌಡ ಅಲ್ಲೇ ಜೀಪಿನ ಬಾನೆಟ್ಟಿನ ಮೇಲೆ ಕುಳಿತು, ಈ ಕಡೆ ಯಾರು ನುಸುಳುತ್ತಾರೆಂದು ಕಾಯುತ್ತಿದ್ದ.

ಮಾಯವ್ವ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಬಂದಳು. ಟ್ರೇಲರುಗಳನ್ನು ನೋಡಿದಳು, ಗೌಡನನ್ನು ನೋಡಿದಳು. ತಿರುಗಿ, ಕೇರಿಯ ಹಿಂದುಗಡೆ ನಡೆದು, ಎರೆಹೊಲದ ಬದು ಹತ್ತಿ ಇಳಿದಳು. ಹೆಸರಿನ ಬೆಳೆ ಕಿತ್ತ ಮೇಲೆ ಬಿತ್ತಿದ ಕಡಲೆ ಮೊಣಕಾಲ ಕೆಳಗೆ ನಿಂತಿತ್ತು. ಅವಳು ಮುಷ್ಟಿ ತುಂಬ ಭಂಡಾರ ತೆಗೆದು ಮುಂದಕ್ಕೆ ಎರಚಿದಳು, ಅದರ ಮೇಲೆ ಕಾಲಿಟ್ಟಳು. ಮತ್ತೆ ಎರಚಿದಳು, ಮತ್ತೆ ಕಾಲಿಟ್ಟಳು. ದಾರಿ ಎಲ್ಲಿತ್ತೆಂದು ಯಾರೂ ನಕಾಶೆ ನೋಡಬೇಕಾಗಿರಲಿಲ್ಲ. ಹಿಂದೆ ಮಹಾನಂದಾ, ಅವಳ ಹಿಂದೆ ಮುದುಕಿ, ಮುದುಕಿಯ ಹಿಂದೆ ಕೇರಿ, ಒಬ್ಬರ ಹೆಜ್ಜೆಯಲ್ಲಿ ಒಬ್ಬರು. ಕಡಲೆಯ ಹುಳಿ ಇಬ್ಬನಿ ಕಾಲ ಬಿರುಕುಗಳಿಗೆ ಇಳಿದು ಉರಿಯಿತು. ಮಸಣದ ಮಗ್ಗುಲಿಗೆ ಬಂದಾಗ ಮಹಾನಂದಾ ಸಾಲು ಬಿಟ್ಟು, ಅಣ್ಣನ ಗುಡ್ಡೆಯ ಮೇಲೆ ಒಂದು ಚಿಟಿಕೆ ಉದುರಿಸಿ ಬಂದು ಸೇರಿಕೊಂಡಳು.

ಶಾಲೆಯ ಪಡಸಾಲೆಯಲ್ಲಿ ತೋಳಿನ ಖುರ್ಚಿ ಬರಿದಾಗಿತ್ತು. ಅದರ ಒಡೆಯ ಟ್ರೇಲರುಗಳನ್ನು ಕಾಯುತ್ತಿದ್ದನಷ್ಟೆ. ಮಾಯವ್ವ ತಟ್ಟೆಯನ್ನು ಆ ಖುರ್ಚಿಯ ಮೇಲಿಟ್ಟು ಒಳಗೆ ಹೋದಳು. ಆಮೇಲೆ ಇಡೀ ದಿನ ಅದರ ಮೇಲೆ ಯಾರೂ ಕೂಡಲಿಲ್ಲ.

"ಇದೇನು ಕೈ?" ಎಂದರು ಮಿಲಿಂದ ಸಾಹೇಬರು. ಬಾಗಿಲಿನಿಂದ ಅಂಗಳದವರೆಗೆ ನಿಂತ ಕೈಗಳೆಲ್ಲ ಹಳದಿ. "ಹೋಗಿ ತೊಳಕೊಂಡು ಬರ್ರಿ. ಇಂಥಾವೆಲ್ಲಾ ಮತಗಟ್ಟಿಯೊಳಗ ನಡಿಯಂಗಿಲ್ಲ."

"ಪ್ರಸಾದರಿ ಸಾಹೇಬರ," ಎಂದಳು ಮಾಯವ್ವ. "ಅದಕ್ಕ ಕಲಂ ಇಲ್ಲಂತ ನೀವ ಹೇಳಿದ್ರಿ."

ವೆಂಕಣ್ಣ ಈ ಸಲ ನಗಲಿಲ್ಲ. ಸಾಹೇಬರು ಪಡಸಾಲೆಯ ಕಡೆ ನೋಡಿದರು. ಖುರ್ಚಿಯಿಂದ ಯಾವ ಸನ್ನೆಯೂ ಬರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಶಾಯಿಯ ಬಾಟಲಿಯನ್ನು ಮುಂದಕ್ಕೆ ತಳ್ಳಿದರು. ಹಳದಿಯ ಮೇಲೆ ಶಾಯಿ ಚೆನ್ನಾಗಿಯೇ ಹತ್ತಿತು.

ಕೊನೆಯ ಓಟು ಮುಗಿದು, ಕೇರಿ ಬಂದ ದಾರಿಯಲ್ಲೇ ತಿರುಗಿದಾಗ ಹೊತ್ತು ಇಳಿದಿತ್ತು. ಎರೆಹೊಲದ ನಡುವೆ ಹಳದಿ ಗೆರೆ ಇನ್ನೂ ಎದ್ದು ಕಾಣುತ್ತಿತ್ತು. ಅದರತ್ತ ಮುಖ ಮಾಡಿಕೊಂಡು, ಹಿಂದೆ ಕುಂಟೆ ಕಟ್ಟಿದ ಟ್ರ್ಯಾಕ್ಟರ್ ನಿಂತಿತ್ತು, ಎಂಜಿನ್ ಗುರುಗುಟ್ಟುತ್ತಿತ್ತು. ಸೀಟಿನ ಮೇಲೆ ಸಿದ್ದರಾಮ. ಕೆಳಗೆ, ಹೆಂಟೆಯ ಮೇಲೆ ಗೌಡ.

"ಹೊಡಿಲೇ ಸಿದ್ದ್ಯಾ. ಸಾಲಿಗೆ ಸಾಲು ಹರಗಿ ಒಗಿ. ಗುರುತು ಉಳೀಬಾರದು."

ಸಿದ್ದರಾಮ ಗೆರೆಯನ್ನು ನೋಡಿದ. ಗೆರೆಯ ಮೇಲೆ ಅವನ ಹೆಂಡತಿ ನಿಂತಿದ್ದಳು, ಅವಳನ್ನು ನೋಡಲಿಲ್ಲ. ಎಂಜಿನ್ ಬಂದ್ ಮಾಡದೆ ಕೆಳಗಿಳಿದ.

"ಭಂಡಾರ ಐತ್ರಿ ಧಣಿ."

"ನಿನ್ನ ಹೇಣ್ತಿ ಚೆಲ್ಲಿದ್ದು ಯಾವ ಭಂಡಾರಲೇ ಭಾಡ್ಯಾ? ಅದು ಸೊಕ್ಕು."

"ನಿಮ್ಮ ಜಗಲೀದರಿ," ಎಂದ ಸಿದ್ದರಾಮ.

ಗೌಡ ಇಸ್ಪೀಟಿನವರನ್ನು ಕರೆದ. ಅವರಲ್ಲೊಬ್ಬನಿಗೆ ಗೇರು ಹಾಕಲು ಬರುತ್ತಿರಲಿಲ್ಲ, ಇನ್ನೊಬ್ಬನಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿದಿತ್ತು. ಬದುವಿನ ಮೇಲೆ ಕುಳಿತಿದ್ದ ಹಣಮಂತಪ್ಪ ಬೆನ್ನು ತಿರುಗಿಸಿದ. ರಸ್ತೆಯಲ್ಲಿ ಮತಪೆಟ್ಟಿಗೆಗಳನ್ನು ಹೊತ್ತ ಗಾಡಿ ಧೂಳೆಬ್ಬಿಸುತ್ತ ಬಂತು. ಮುಂದಿನ ಸೀಟಿನಲ್ಲಿದ್ದ ಮಿಲಿಂದ ಸಾಹೇಬರು ಹೊಲದ ಕಡೆ ಒಮ್ಮೆ ನೋಡಿ ಗಾಜು ಏರಿಸಿಕೊಂಡರು. ಕೇರಿಯ ಓಟು ಯಾರಿಗೆ ಬಿದ್ದಿದೆಯೆಂಬುದು ಆ ಗಾಡಿಯೊಳಗೆ, ಬೀಗದೊಳಗೆ ಹೋಯಿತು.

ಗೌಡ ಧೋತರ ಎತ್ತಿ ಕಟ್ಟಿ, ತಾನೇ ಟ್ರ್ಯಾಕ್ಟರ್ ಹತ್ತಿದ. ಗೇರು ಹಾಕಿದ. ಗಾಲಿ ಕಡಲೆಯನ್ನು ತುಳಿಯುತ್ತ ಬಂದು ಹಳದಿ ಗೆರೆಗೆ ಗೇಣು ದೂರದಲ್ಲಿ ನಿಂತಿತು. ಗೆರೆಯ ಮೇಲೆ ಮಾಯವ್ವ ಕುಳಿತಳು. ಪಕ್ಕದಲ್ಲಿ ಮಹಾನಂದಾ ಕುಳಿತಳು. ಮುದುಕಿಯನ್ನು ಕೂಡಿಸಿದರು. ಬುತ್ತಿಯ ಗಂಟು ಬಿಚ್ಚಿ, ಹಳದಿ ಕೈಯಲ್ಲೇ ರೊಟ್ಟಿ ಮುರಿದರು.

ಗಾಲಿ ಗೆರೆಯನ್ನು ದಾಟಿತೆಂದು ತೊರಗಲ್ಲಿನ ಕಡೆಯವರು ಹೇಳುತ್ತಾರೆ. ದಾಟಲಿಲ್ಲವೆಂದು ಸಂಪಗಾಂವದ ಕಡೆಯವರು. ಕರಿಮಡ್ಡಿಯ ಕೇರಿಯಲ್ಲಿ ಕೇಳಿದರೆ ಅವರು ಹೊಲದ ಕಡೆ ಕಿವಿಗೊಟ್ಟು ಇಷ್ಟೇ ಹೇಳುತ್ತಾರೆ: "ಇಂಜಿನ್ ಇನ್ನೂ ಚಾಲೂ ಐತ್ರಿ. ನಾವೂ ಇನ್ನೂ ಎದ್ದಿಲ್ಲ."